ತಿಕ್ಕದೇ ಉಳಿದದ್ದು

ದುಧನಿಯಲ್ಲಿ ನನ್ನ ಅಂಗಡಿಯ ಬೋರ್ಡು ಮರಾಠಿ,
ಚೌಕಾಸಿ ಕನ್ನಡ,
ತಕ್ಕಡಿಗೆ ಯಾವ ಭಾಷೆಯೂ ಬರುವುದಿಲ್ಲ.

ತೊಗರಿ ಪೇಟೆ ಖಾಲಿಯಾದ ಒಂದು ಮಧ್ಯಾಹ್ನ
ನಾಗಣಸೂರಿನ ನಿಂಬೆವ್ವ ಬಂದಳು.
ಸೆರಗಿನ ಗಂಟಿನಲ್ಲಿ ಚೀಲ, ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗಿನ ಹತ್ತೊಂಬತ್ತು ಬೆಳ್ಳಿ ರೂಪಾಯಿ
ಗಾಜಿನ ಮೇಲೆ ಸುರಿದಳು.
ಮದುವೆಮನೆಯ ಸ್ಟೀಲು ತಾಟಿನ ಹಾಗೆ ಫಳಫಳ.

"ರಾತ್ರಿಯೆಲ್ಲಾ ಹುಣಸೆಹಣ್ಣು ಹಾಕಿ ತಿಕ್ಕೀನಿ ನೋಡಪಾ,
ಮ್ಯಾಲ ಬೂದಿ ಹಚ್ಚಿ ಮತ್ತೊಮ್ಮಿ."
ಹೆಬ್ಬೆರಳ ಉಗುರಿನ ಸಂದಿಯಲ್ಲಿ ಬೂದಿ ಇನ್ನೂ ಇತ್ತು.

ಹೇಗೆ ಹೇಳಲಿ ಇವಳಿಗೆ,
ನೂರು ವರ್ಷ ಗಾಳಿ ಕೂತು ಕಟ್ಟಿದ ಕಪ್ಪು
ಕೊಳೆಯಲ್ಲ, ಬೆಲೆ ಎಂದು.
ಕೊಳ್ಳುವ ಪುಣೆಯ ಮಂದಿ
ನಾಣ್ಯವನ್ನು ಬಿಸಿ ರೊಟ್ಟಿಯಂತೆ ಅಂಚಿನಲ್ಲಿ ಹಿಡಿಯುತ್ತಾರೆ,
ತಿಕ್ಕಿದ್ದು ಕಂಡರೆ ಕೆಳಗಿಟ್ಟು ಚಹಾ ಕುಡಿಯುತ್ತಾರೆ.
ಇನ್ನು ಇವು ಬರೀ ಬೆಳ್ಳಿ. ತೂಕಕ್ಕೆ ಹೋಗುವಂಥವು.

ಅಪ್ಪ ಕಲಿಸಿದ್ದು ಇಷ್ಟು:
ಬೆವರಿನ ಕೈ ಮುಟ್ಟಿಸಬೇಡ.
ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಇಡಬೇಡ, ಹಸಿರು ಜಿಡ್ಡು ಬಿಡುತ್ತದೆ.
ಮಳೆಗಾಲಕ್ಕೆ ಪೆಟ್ಟಿಗೆಯಲ್ಲಿ ಸೀಮೆಸುಣ್ಣದ ತುಂಡು ಹಾಕು.
ಮತ್ತೆ, ಭೂತಗನ್ನಡಿ ಕಣ್ಣಿಗೆ ಹಿಡಿದಾಗ
ಮುಖದ ಮೇಲೆ ಏನೂ ಬರಬಾರದು.

ಒಂದೊಂದನ್ನೇ ಬೆರಳ ತುದಿಯಲ್ಲಿ ನಿಲ್ಲಿಸಿ
ಇನ್ನೊಂದರಿಂದ ತಟ್ಟಿದೆ.
ಟಿಣ್, ಟಿಣ್. ನಡುವೆ ಒಂದು ಮಾತ್ರ
ಹಲ್ಲಿಲ್ಲದ ಬಾಯಿಯ ಹಾಗೆ ಏನೋ ಅಂದಿತು.
"ಇದು ಖೊಟ್ಟಿ, ಯವ್ವಾ. ಜರ್ಮನ್ ಬೆಳ್ಳಿ."
ನಿಂಬೆವ್ವ ಗಲ್ಲದ ಮೇಲೆ ಕೈಯಿಟ್ಟು ನಕ್ಕಳು:
"ನಮ್ಮತ್ತಿ ದೀಪಾವಳಿಗೊಮ್ಮೆ
ಇದಕ್ಕss ಮೊದಲ ಕುಂಕುಮ ಹಚ್ಚತಿದ್ಳಲ್ಲೋ!"

ನಗುತ್ತಲೇ ಖಾಲಿ ಚೀಲ ಝಾಡಿಸಿದಳು.
ಹೊಲಿಗೆಯೊಳಗಿಂದ ಇನ್ನೊಂದು ಬಿತ್ತು,
ಹಂಚಿನ ತಳದಷ್ಟು ಕಪ್ಪು.
"ಅಯ್ಯ, ಇದೊಂದು ಕೈಗೇ ಸಿಗಲಿಲ್ಲ,
ಹೊಲಸs ಉಳದೈತಿ. ತಪ್ಪು ತಿಳೀಬ್ಯಾಡ."

ಭೂತಗನ್ನಡಿ ಹಿಡಿದೆ.
ಸಾವಿರದ ಒಂಬೈನೂರ ಹನ್ನೊಂದು.
ರಾಜನ ಎದೆಯ ನಿಲುವಂಗಿಯಲ್ಲಿ ಒಂದು ಆನೆ,
ಸೊಂಡಿಲು ಮೋಟು.
ಅಂದು ಜನ ಅದನ್ನು ಹಂದಿ ಎಂದರು,
ಮುಟ್ಟೆವು ಎಂದರು,
ಟಂಕಸಾಲೆ ಹೆದರಿ ವಾಪಸು ಕರೆದು ಕರಗಿಸಿತು.
ಕರೆದಾಗ ಹೋಗದೆ ಹೊಲಿಗೆಯಲ್ಲಿ ಅಡಗಿದ್ದು
ಈಗ ನನ್ನ ಅಂಗೈಯಲ್ಲಿ, ರೋಮ ರೋಮ ಎದ್ದು ಕಾಣುವಂತೆ.

ನನ್ನ ಮುಖದ ಮೇಲೆ ಏನೂ ಬರಲಿಲ್ಲ.
ಉಳಿದ ಹದಿನೆಂಟರ ಜೊತೆ ಅದನ್ನೂ ತಕ್ಕಡಿಗೆ ಹಾಕಿದೆ.
ಒಂದು ತೊಲಿ. ಎಲ್ಲವುಗಳಂತೆಯೇ.

ನೋಟುಗಳನ್ನು ಎಣಿಸಿ ಕುಬಸದಲ್ಲಿಟ್ಟುಕೊಂಡು
ಖೊಟ್ಟಿಯನ್ನು ಸೆರಗಿಗೆ ಗಂಟು ಹಾಕುತ್ತ ಅಂದಳು:
"ಒಂದss ಖೊಟ್ಟಿ ಅಂದಿ ನೀ, ಪೋತದಾರ.
ಸೋಲಾಪುರದಾಗಾಗಿದ್ರ ಐದು ಅಂತಿದ್ರು.
ನಿನ್ನ ಮಕ್ಕಳು ತಣ್ಣಗಿರಲಿ."

ನಾಲ್ಕು ವರ್ಷವಾಯಿತು.
ಹದಿನೆಂಟು ಆ ವಾರವೇ ಮೂಸೆಗೆ ಹೋಗಿ
ಯಾರದೋ ಕಾಲುಚೈನಾದವು.
ಕರಿಯದು ಕಾಗದದ ಲಕೋಟೆಯಲ್ಲಿದೆ, ತಿಜೋರಿಯ ಮೇಲಿನ ಖಾನೆ.
ಇಸವಿ ಬರೆದಿದ್ದೇನೆ, ತೂಕ ಬರೆದಿದ್ದೇನೆ,
'ಯಾರಿಂದ' ಎಂಬಲ್ಲಿ ಪೆನ್ನು ನಿಂತಿದೆ.
ಪುಣೆಯವರು ಎರಡು ಸಲ ಕೇಳಿದರು.
ಮಾರಾಟಕ್ಕಿಲ್ಲ ಎಂದೆ,
ಯಾಕೆ ಎಂದು ನನಗೂ ಹೇಳಿಕೊಂಡಿಲ್ಲ.
ಅಂಗಡಿ ಮುಚ್ಚಿದ ಮೇಲೆ ಕೆಲವೊಮ್ಮೆ ತೆಗೆದು ನೋಡುತ್ತೇನೆ.
ಕೆಲವು ದಿನ ಆನೆ. ಕೆಲವು ದಿನ ಹಂದಿ.

ಮೊನ್ನೆ ಬಂದಿದ್ದಳು, ಅದೇ ಗಂಟು ಬಿಚ್ಚಿದಳು.
"ಈ ಖೊಟ್ಟಿಗೊಂದು ಕೊಂಡಿ ಹಚ್ಚಿ ಕೊಡು,
ಮೊಮ್ಮಗಳ ಕೊರಳಿಗೆ. ಆಕಿಗೇನ ಗೊತ್ತಾಗತೈತಿ."
ಹಚ್ಚಿಕೊಟ್ಟೆ. ಮಜೂರಿ ಬೇಡ ಎಂದು ಕೈಯಾಡಿಸಿದೆ.
"ಯಾಕಪಾ?" ಎಂದಳು.
ನಾನು ಊದುಗೊಳವೆ ಕಚ್ಚಿ ಉರಿಯನ್ನೇ ನೋಡುತ್ತಿದ್ದೆ,
ಬೆಸುಗೆ ಆಗಲೇ ಕೂತಿತ್ತು,
ಊದುವುದು ಮಾತ್ರ ನಿಲ್ಲಿಸಲಿಲ್ಲ.